ಗಲೀಜು ಮಕರೋನಿ

ಮೆಟ್ಟಿಲು ನೂರ ಎಂಬತ್ತನಾಲ್ಕು. ನಾನು ಎಣಿಸುವುದು ಬಿಟ್ಟಿದ್ದೇನೆ,
ಮೊಣಕಾಲು ಎಣಿಸುತ್ತಲೇ ಇದೆ.
ಅವಳ ಪೆಟ್ಟಿಗೆ ನೀಲಿ, ಒಂದು ಗಾಲಿ ಮುರಿದದ್ದು.
ಹೆಗಲಿಗೇರಿಸಿದರೆ ಒಳಗೆ ಏನೋ ಗಾಜಿನದು
ಕಿಣಿ ಕಿಣಿ.

ಆರನೇ ತಿರುವಿನಲ್ಲಿ ಏದುಸಿರು ಬಿಡುತ್ತ ಕೇಳಿದಳು:
"ನೀವೆಲ್ಲ ಎಲ್ಲಿ ಉಣ್ಣುತ್ತೀರಿ?"
ನಿನ್ನೆ ಕೆಳಗೆ, ಸ್ತ್ರಾದುನ್ ಬೀದಿಯಲ್ಲಿ
ಒಂದು ಬಟ್ಟಲು ಸಾರಿಗೆ ಹದಿನೆಂಟು ಯೂರೋ ತೆತ್ತಳಂತೆ.
ಬ್ರೆಡ್ಡಿಗೆ ಬೇರೆ. ಕೂತದ್ದಕ್ಕೆ ಬೇರೆ.
"ನಿಂತು ಕುಡಿಯಬಹುದಿತ್ತು" ಎಂದೆ.
ಅವಳು ನಗಲಿಲ್ಲ.

ನನಗೆ ಗೊತ್ತಿತ್ತು. ಗೊತ್ತಿಲ್ಲ ಎಂದೆ.

ಹಿಂದೊಮ್ಮೆ ಹೇಳಿದ್ದೆ, ಇಬ್ಬರು ಒಳ್ಳೆಯವರಿಗೆ,
ಓರ್ಸಾತನ ಕರಿದ ಮೀನಿನ ಸಂದಿಯ ಗುರುತು.
ಮೂರನೇ ಬೇಸಿಗೆಗೆ ಅಲ್ಲಿ ಐದು ಭಾಷೆಯ ಪಟ್ಟಿ,
ಮೀನಿನ ಪಕ್ಕ ಮೀನಿನದೇ ಫೋಟೋ.
ಓರ್ಸಾತನಿಗೆ ಹೊಸ ಬೂಟು ಬಂತು,
ಆಮೇಲೆ ಮನೆಯೊಡೆಯನಿಗೆ ಹೊಸ ಆಸೆ ಬಂತು.
ಈಗ ಆ ಜಾಗದಲ್ಲಿ ಐಸ್‌ಕ್ರೀಮು.
ಓರ್ಸಾತ ಬಸ್ಸಿನಲ್ಲಿ ಸಿಕ್ಕರೆ
ಹವಾಮಾನದ ಮಾತಾಡುತ್ತಾನೆ. ಅಷ್ಟೇ.

ಅಜ್ಜಿ ಹೇಳುತ್ತಿದ್ದಳು:
ಧಣಿಗಳು ಮಾಂಸವನ್ನೆಲ್ಲ ಬಡಿಸಿಕೊಂಡ ಮೇಲೆ
ಪಾತ್ರೆಯ ತಳದಲ್ಲಿ ಅಂಟಿ ಉಳಿದ ಗೊಜ್ಜಿಗೆ
ಆಳುಗಳು ಮಕರೋನಿ ಸುರಿದು ಉಜ್ಜುತ್ತಿದ್ದರು,
ಚಿಟಿಕೆ ದಾಲ್ಚಿನ್ನಿ ಕದ್ದು ಹಾಕಿ.
ಅದಕ್ಕೇ ಅದರ ಹೆಸರು ಗಲೀಜು ಮಕರೋನಿ.
ಈಗ ಅದು ಗೋಡೆಯೊಳಗಿನ ಊರಿನಲ್ಲಿ
ಹುಣ್ಣಿಮೆಯಷ್ಟು ದೊಡ್ಡ ತಟ್ಟೆಯ ನಟ್ಟನಡುವೆ
ಒಂದು ಹಿಡಿ. ಇಪ್ಪತ್ತಾರು ಯೂರೋ.
ಆಳುಗಳ ಮೊಮ್ಮಕ್ಕಳು ಬಿಳಿ ಅಂಗಿ ತೊಟ್ಟು
ತಂದಿಡುತ್ತಾರೆ. ತಾವು ತಿಂದಿರುವುದಿಲ್ಲ.

ಉಣ್ಣುವುದು ಗ್ರೂಜ್ ಬಂದರಿನ ಹಿಂದೆ,
ಟಯರ್ ಅಂಗಡಿಯ ಪಕ್ಕದ ಹಸಿರು ಬಾಗಿಲಲ್ಲಿ.
ಬೋರ್ಡಿಲ್ಲ. ಮಣಿಯ ಪರದೆ ಇದೆ.
ಬೆಳಿಗ್ಗೆ ಹತ್ತೂವರೆಗೆ ದೇಶಾ ಮುಚ್ಚಳ ತೆಗೆಯುತ್ತಾಳೆ,
ಕ್ರೇನಿನವನು, ಮೀನಿನವಳು,
ರಾತ್ರಿ ಪಾಳಿ ಮುಗಿಸಿದ ನರ್ಸು, ನಾನು.
ಏನಿದೆ ಎಂದು ಕೇಳುವ ಹಾಗಿಲ್ಲ,
ಪಾತ್ರೆಯಲ್ಲಿ ಇದ್ದದ್ದು ಇದೆ.
ಏಳು ಯೂರೋ, ಬ್ರೆಡ್ಡು ಬೇಕಾದಷ್ಟು.

ಮರುದಿನ ಹೋದರೆ
ಇಬ್ಬರು ಪೇಂಟರುಗಳ ನಡುವೆ ಅವಳು!
ದೇಶಾ ಸೌಟು ಎತ್ತಿ ಹಿಡಿದು ನನ್ನನ್ನೇ ನೋಡಿದಳು.
ನಾನಲ್ಲ, ತಾಯಿಯಾಣೆ ನಾನಲ್ಲ.
"ಸುಣ್ಣ ಮೆತ್ತಿದ ಬೂಟುಗಳ ಹಿಂದೆ ಬಂದೆ,
ಈ ಹೊತ್ತಿನಲ್ಲಿ ಹೀಗೆ ದಾಪುಗಾಲು ಹಾಕುವವರು
ಇನ್ನೆಲ್ಲಿಗೆ ಹೋಗುತ್ತಾರೆ?" ಎಂದಳು.
ಪೋಲೆಂಡಿನ ಯಾವುದೋ ಶಾಲೆಯಲ್ಲಿ
ನಾನೂರು ಮಕ್ಕಳಿಗೆ ಬೇಯಿಸಿ ಹಾಕುವವಳಂತೆ, ಬೊಗುಮಿವಾ.
ಹನ್ನೊಂದು ವರ್ಷ ಕೂಡಿಟ್ಟು ನಾಲ್ಕು ದಿನದ ಸಮುದ್ರ.

ಕೋಸು, ಆಲೂಗಡ್ಡೆ, ಹೊಗೆಯಾಡಿಸಿದ ಕುರಿಯ ಮೂಳೆ.
ತಿಂದಳು. ಮಾತಿಲ್ಲದೆ ತಿಂದಳು.
ನಡುವೆ ಕೈಚೀಲದಿಂದ ಫೋನು ತೆಗೆದಳು ನೋಡಿ,
ಅಷ್ಟೂ ಚಮಚ ಗಾಳಿಯಲ್ಲೇ ನಿಂತವು.
ಗಂಟೆ ನೋಡಿದಳು. ಒಳಗಿಟ್ಟಳು.
ಕ್ರೇನಿನವನು ಕೆಮ್ಮಿದ.
ಬ್ರೆಡ್ಡಿನ ಚೂರಿನಿಂದ ಬಟ್ಟಲು ಒರೆಸಿ,
ಪಾತ್ರೆ ತೊಳೆದು ಗೊತ್ತಿದ್ದವಳ ಹಾಗೆ ಒರೆಸಿ,
ತಾನೇ ಎದ್ದು ಸಿಂಕಿಗೆ ಒಯ್ದಳು.
ದೇಶಾ ತಡೆಯಲಿಲ್ಲ. ಏಳೇ ತೆಗೆದುಕೊಂಡಳು.

ಶನಿವಾರ ಇಳಿಸುವಾಗ ಪೆಟ್ಟಿಗೆ ಹಗುರ.
ಊರಿಂದ ಹೊತ್ತು ತಂದಿದ್ದ ಉಪ್ಪಿನ ಸೌತೆಯ ಬಾಟಲಿಗಳಂತೆ,
ದುಬಾರಿ ಊರಿಗೆಂದು.
ಎರಡು ಖಾಲಿಯಾಗಿ ಹಿತ್ತಲ ಡಬ್ಬಿಗೆ ಹೋದವು.
ಒಂದು ದೇಶಾಳ ಗೂಡಿನಲ್ಲಿದೆ, ಉಪ್ಪಿನ ಡಬ್ಬಿಯ ಪಕ್ಕ,
ಯಾರಿಗೂ ಓದಲು ಬಾರದ ಚೀಟಿ ಹೊತ್ತು.
ಇನ್ನೂ ತೆರೆದಿಲ್ಲ.

ಬಸ್ಸು ಹೊರಟಾಗ ನಾಲಿಗೆಯ ತುದಿಗೆ ಬಂದಿತ್ತು,
ಯಾರಿಗೂ ಹೇಳಬೇಡ ಅಂತ.
ಹೇಳಲಿಲ್ಲ.
ಆಗಲೇ ಇನ್ನೊಬ್ಬರ ಪೆಟ್ಟಿಗೆ, ಕೆಂಪು,
ಎರಡೂ ಗಾಲಿ ಗಟ್ಟಿ.
ಮೊದಲ ಮೆಟ್ಟಿಲಲ್ಲೇ ಕೇಳಿದರು.